ಒಂದು ಬ್ಲಾಕಿನಲ್ಲಿ 87, 25, 15: ನೆರೆಮನೆಯವರನ್ನು ಕಾನೂನು ತಂದುಕೊಡುತ್ತದೆಯೇ?

ಲೆಕ್ಕಿಗ

ಇಲ್ಲಿನ ಇನ್ನೊಂದು ಚರ್ಚೆಯಲ್ಲಿ ಒಬ್ಬರು, "ಜನಾಂಗದ್ವೇಷ ಕಾನೂನಿನಿಂದ ಹೋಗುವಂಥದ್ದಲ್ಲ, ಮನುಷ್ಯರೆಲ್ಲ ಒಂದೇ ಅನ್ನುವುದು ಒಳಗಿನಿಂದ ಬರಬೇಕು" ಎಂದು ಬರೆದಿದ್ದರು. ಒಳಗಿನಿಂದ ಬರುವ ತನಕ ಕಾಯಲು ಒಪ್ಪದ ಒಂದು ದೇಶವಿದೆ, ಸಿಂಗಪುರ. ಯಾರ ಪಕ್ಕದ ಮನೆಯಲ್ಲಿ ಯಾರಿರಬಹುದು ಎಂಬುದಕ್ಕೇ ಅದು ಕೈಹಾಕಿತು.

ಅಲ್ಲಿ ಹತ್ತು ಜನರಲ್ಲಿ ಹೆಚ್ಚುಕಡಿಮೆ ಎಂಟು ಜನ ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿಯ ಫ್ಲ್ಯಾಟುಗಳಲ್ಲಿದ್ದಾರೆ. 1989ರ ಮಾರ್ಚ್ 1ರಿಂದ ಈ ಫ್ಲ್ಯಾಟುಗಳಿಗೆ ಜನಾಂಗವಾರು ಮಿತಿ ಇದೆ. ಒಂದು ಬ್ಲಾಕಿನಲ್ಲಿ ಚೀನೀಯರ ಮನೆಗಳು ಶೇ 87 ದಾಟಬಾರದು, ಮಲಯರವು ಶೇ 25, 'ಭಾರತೀಯರು ಮತ್ತು ಇತರರು' ಎಂಬ ಗುಂಪಿನವು ಶೇ 15. ಹಲವು ಬ್ಲಾಕು ಸೇರಿದ ಬಡಾವಣೆಯ ಮಟ್ಟದಲ್ಲಿ ಇದೇ ಅಂಕಿ 84, 22, 12. ಕೊನೆಯ ಗುಂಪಿಗೆ ಮೊದಲು 13 ಮತ್ತು 10 ಇತ್ತು, 2010ರ ಮಾರ್ಚ್‌ನಲ್ಲಿ ಏರಿಸಿದರು. 2020ರ ಜನಗಣತಿಯಲ್ಲಿ ಸ್ಥಳೀಯ ನಿವಾಸಿಗಳ ಪೈಕಿ ಚೀನೀಯರು ಶೇ 74.3, ಮಲಯರು 13.5, ಭಾರತೀಯರು 9, ಉಳಿದವರು 3.2.

ಇದನ್ನು ಕೇಳಿದವರು ಮೊದಲು ತಪ್ಪುವುದು, ನಮ್ಮ ಮೀಸಲಾತಿಯ ಹಾಗೆ ಇರಬೇಕು ಅಂದುಕೊಂಡು. ಹಾಗಲ್ಲ. ಕೂಡಿಸಿ ನೋಡಿ: 87, 25, 15 ಸೇರಿದರೆ 127. ಯಾರಿಗೂ ಇಷ್ಟು ಮನೆ ಎಂದು ತೆಗೆದಿಟ್ಟಿಲ್ಲ, ಇದಕ್ಕಿಂತ ಹೆಚ್ಚಬಾರದು ಎಂಬ ಗೆರೆಯಷ್ಟೇ. ಗೆರೆ ಮುಟ್ಟುವ ತನಕ ಯಾರು ಯಾರಿಗೆ ಮಾರಿದರೂ ಕೇಳುವವರಿಲ್ಲ.

ನನಗೆ ಇದು ಒಪ್ಪಿಗೆ. ಒಪ್ಪದವರು ಲೆಕ್ಕ ಇಟ್ಟು ಮಾತಾಡಿ, ಭಾವನೆ ಬೇಡ.

ಅಡ್ಡಗೋಡೆ

ಲೆಕ್ಕ ತಾನೇ, ತಗೊಳ್ಳಿ.

ನೂರು ಮನೆಯ ಬ್ಲಾಕು, ಚೀನೀಯರ ಮನೆ 87 ಆಗಿದೆ, ಗೆರೆ ಮುಟ್ಟಿದೆ. ಒಂಬತ್ತನೇ ಮಹಡಿಯಲ್ಲಿ ಅಕ್ಕಪಕ್ಕ ಎರಡು ಮನೆ ಮಾರಾಟಕ್ಕಿವೆ. ಒಂದೇ ಅಳತೆ, ಒಂದೇ ದಿಕ್ಕಿನ ಬಾಗಿಲು, ಗುತ್ತಿಗೆಯಲ್ಲಿ ಉಳಿದ ವರ್ಷವೂ ಒಂದೇ. ಒಂದು ಚೀನೀಯರದು, ಇನ್ನೊಂದು ಭಾರತೀಯರದು. ಚೀನೀ ಮಾಲೀಕ ಯಾರಿಗೆ ಬೇಕಾದರೂ ಮಾರಬಹುದು. ಚೀನೀ ಗಿರಾಕಿಗೆ ಮಾರಿದರೆ ಸಂಖ್ಯೆ 87ರಲ್ಲೇ ನಿಲ್ಲುತ್ತದೆ, ಬೇರೆಯವರಿಗೆ ಮಾರಿದರೆ 86ಕ್ಕೆ ಇಳಿಯುತ್ತದೆ. ಭಾರತೀಯ ಮಾಲೀಕ ಚೀನೀ ಗಿರಾಕಿಗೆ ಮಾರಿದರೆ 88. ಅದು ಕೂಡದು. ಅವನ ಪಾಲಿಗೆ ಊರಿನ ಮುಕ್ಕಾಲು ಪಾಲು ಗಿರಾಕಿಗಳಿಗೆ ಬಾಗಿಲು ಮುಚ್ಚಿತು. ಉಳಿದ ಕಾಲು ಪಾಲಿನಲ್ಲಿ ಆ ಬಡಾವಣೆ ಬೇಕು ಅನ್ನುವವರನ್ನು ಹುಡುಕಬೇಕು, ಅವರಿಗೂ ಗೊತ್ತು ಇವನಿಗೆ ಬೇರೆ ದಾರಿ ಇಲ್ಲ ಅಂತ. ಚೌಕಾಸಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಹೇಳಿ.

ಈಗ ತಿರುಗಿಸಿ. ಇನ್ನೊಂದು ಬ್ಲಾಕಿನಲ್ಲಿ 'ಭಾರತೀಯರು ಮತ್ತು ಇತರರ' 15 ತುಂಬಿದೆ ಅನ್ನಿ. ಚೀನೀ ಮಾಲೀಕನಿಗೆ ಮುಚ್ಚುವುದು ಆ ಗುಂಪಿನ ಗಿರಾಕಿಗಳ ಬಾಗಿಲು ಮಾತ್ರ, ಎಂಟರಲ್ಲಿ ಒಬ್ಬರ ಲೆಕ್ಕ. ಅವನಿಗೆ ಗೊತ್ತೂ ಆಗುವುದಿಲ್ಲ.

ನಿಯಮ ಕಾಗದದಲ್ಲಿ ಎಲ್ಲರಿಗೂ ಒಂದೇ. ಆದರೆ ಗೆರೆ ಮುಟ್ಟಿದಾಗ ಪೆಟ್ಟು ಬೀಳುವುದು ಅಲ್ಪಸಂಖ್ಯಾತರ ಜೇಬಿಗೆ. ಸೌಹಾರ್ದದ ಖರ್ಚಿನ ಬಿಲ್ಲನ್ನು ಯಾರ ಕೈಗೆ ಕೊಟ್ಟಿದ್ದೀರಿ ಅಂತ ಕೇಳಬಾರದೇ?

ಶರಾವತಿ

ಪೆಟ್ಟಿನ ಮಾತು ನಿಜ. ಆದರೆ ಗೆರೆ ಯಾಕೆ ಎಳೆದರು ಎಂಬುದನ್ನು ಬಿಟ್ಟು ಮಾತಾಡಿದರೆ ಅರ್ಧ ಕತೆ.

ಜನಾಂಗಕ್ಕೊಂದು ಕೇರಿ ಎಂಬುದು ಸಿಂಗಪುರದಲ್ಲಿ ತಾನಾಗಿ ಬೆಳೆದದ್ದಲ್ಲ, ನಕ್ಷೆ ಹಾಕಿ ಮಾಡಿದ್ದು. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಪಟ್ಟಣದ ಯೋಜನೆ ಮಾಡಿಸಿದಾಗ ಚೀನೀಯರಿಗೆ ನದಿಯ ಒಂದು ಮಗ್ಗುಲು, ಅರಬರಿಗೂ ಸುಲಾವೆಸಿ ದ್ವೀಪದ ಬುಗಿಸರಿಗೂ ಸುಲ್ತಾನನ ಕಂಪೊಂಗ್ ಗ್ಲಾಮ್ ಕಡೆ, ದಕ್ಷಿಣ ಭಾರತದವರಿಗೆ ಚೂಲಿಯಾ ಕಂಪೊಂಗ್, ಯುರೋಪಿನವರಿಗೆ ಬೇರೆಯೇ. ಕಂಪೊಂಗ್ ಎಂದರೆ ಹಳ್ಳಿ, ಕೇರಿ. ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಬಣ್ಣಬಣ್ಣದ ಬೀದಿಗಳ ಮೂಲ ಅದು.

1964ರ ಜುಲೈ 21ರಂದು, ಸಿಂಗಪುರ ಇನ್ನೂ ಮಲೇಷ್ಯಾದ ಭಾಗವಾಗಿದ್ದಾಗ, ಪಡಾಂಗ್ ಮೈದಾನದಿಂದ ಗೇಲಾಂಗ್ ಕಡೆ ಹೊರಟ ಪ್ರವಾದಿ ಜಯಂತಿಯ ಮೆರವಣಿಗೆಯಲ್ಲಿ ಮಲಯರಿಗೂ ಚೀನೀಯರಿಗೂ ಹೊಡೆದಾಟ ಶುರುವಾಯಿತು. 23 ಜನ ಸತ್ತರು, 454 ಮಂದಿಗೆ ಗಾಯ. ಸೆಪ್ಟೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡು ಇನ್ನೂ 13 ಜನ ಸತ್ತರು. ಜುಲೈನಲ್ಲೇ ಕರ್ಫ್ಯೂ ನಡುವೆ ಕ್ಷೇತ್ರಕ್ಕೊಂದರಂತೆ ಸೌಹಾರ್ದ ಸಮಿತಿ ಮಾಡಿದ್ದರು, ಒಂದೊಂದರಲ್ಲೂ ಬೇರೆಬೇರೆ ಜನಾಂಗದ ಹಿರಿಯರು. ಅವರ ಕೆಲಸ ಭಾಷಣವಲ್ಲ, ಗಾಳಿಸುದ್ದಿ ಕೊಲ್ಲುವುದು. "ಆ ಕಡೆ ನಮ್ಮವರನ್ನು ಕಡಿದರಂತೆ" ಎಂಬ ಮಾತು ಬಂದ ತಕ್ಷಣ ಆ ಕಡೆಯವರನ್ನೇ ಕೇಳಿ ಸುಳ್ಳು ಎಂದು ಹೇಳುವ ಒಬ್ಬ ಪರಿಚಿತ ಬೇಕು. ಕೇರಿ ಪೂರ್ತಿ ಬೇರೆಬೇರೆಯಾಗಿದ್ದರೆ ಅಂಥ ಪರಿಚಿತ ಎಲ್ಲಿಂದ ಬರುತ್ತಾನೆ?

1960ರಿಂದ ಎಚ್‌ಡಿಬಿ ಕೇರಿಗಳನ್ನು ಒಕ್ಕಲೆಬ್ಬಿಸಿ ಬ್ಲಾಕುಗಳಿಗೆ ಸೇರಿಸುತ್ತಾ ಹೋಯಿತು, ಜನ ಬೆರೆತರು. ಆದರೆ ಮನೆ ಮರುಮಾರಾಟ ಶುರುವಾದ ಮೇಲೆ ಮತ್ತೆ ಒಟ್ಟುಗೂಡತೊಡಗಿದರು. 1989ರಲ್ಲಿ ರಾಷ್ಟ್ರೀಯ ಅಭಿವೃದ್ಧಿ ಸಚಿವ ಎಸ್. ಧನಬಾಲನ್ ಎತ್ತಿದ ಮಾತೇ ಅದು: ಬೆಡೋಕ್, ಟಾಂಪಿನೀಸ್ ಕಡೆ ಮಲಯರು ಶೇ 30 ದಾಟುತ್ತಿದ್ದಾರೆ, ಹೌಗಾಂಗ್‌ನಲ್ಲಿ ಚೀನೀಯರು 90 ದಾಟಿದ್ದಾರೆ ಎಂದು.

ಅಡ್ಡಗೋಡೆ

ಅಮ್ಮನ ಮನೆ ಹತ್ತಿರ, ಮಸೀದಿ ಹತ್ತಿರ, ದೇವಸ್ಥಾನ ಹತ್ತಿರ ಇರಬೇಕು ಅಂತ ಮನೆ ಕೊಳ್ಳುವವರಲ್ಲಿ ದ್ವೇಷ ಎಲ್ಲಿದೆ? 1969ರಲ್ಲಿ ಮತ್ತೊಂದು ಗಲಭೆ ಆದ ಮೇಲೆ 20 ವರ್ಷ ಗಲಭೆಯೇ ಇಲ್ಲ, ಆಮೇಲೆ ನಿಯಮ. ರೋಗ ವಾಸಿಯಾದ ಮೇಲೆ ಔಷಧಿ.

ಲೆಕ್ಕಿಗ

ದ್ವೇಷ ಇರಬೇಕಾಗಿಯೇ ಇಲ್ಲ, ಅದೇ ಇದರ ಕೀಲು. ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1971ರಲ್ಲಿ ತೋರಿಸಿದ ಲೆಕ್ಕ ಮನೆಯಲ್ಲೇ ಮಾಡಿ ನೋಡಬಹುದು. ಚದುರಂಗದ ಮಣೆ ತೆಗೆದುಕೊಳ್ಳಿ, 64 ಚೌಕ. ಹುಣಸೆಬೀಜ ಇಪ್ಪತ್ತನಾಲ್ಕು, ಕವಡೆ ಇಪ್ಪತ್ತನಾಲ್ಕು, ಮಣೆ ತುಂಬ ಚೆಲ್ಲಾಪಿಲ್ಲಿ ಇಡಿ. ಹದಿನಾರು ಚೌಕ ಖಾಲಿ ಇರಲಿ. ನಿಯಮ ಒಂದೇ: ಸುತ್ತಲಿನ ಎಂಟು ಚೌಕದಲ್ಲಿ ಇರುವ ಕಾಯಿಗಳ ಪೈಕಿ ಮೂರರಲ್ಲಿ ಒಂದಾದರೂ ತನ್ನ ಜಾತಿಯದಿದ್ದರೆ ಕಾಯಿಗೆ ತೃಪ್ತಿ, ಇಲ್ಲದಿದ್ದರೆ ಹತ್ತಿರದ ಖಾಲಿ ಚೌಕಕ್ಕೆ ಎದ್ದು ಹೋಗುತ್ತದೆ. ಅಂದರೆ ಮೂರರಲ್ಲಿ ಎರಡು ಪಾಲು ಬೇರೆಯವರಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಇಷ್ಟು ಉದಾರ ಕಾಯಿಗಳನ್ನು ಇಟ್ಟುಕೊಂಡೂ ಕೆಲವು ಸುತ್ತು ಆಡಿಸಿ. ಬೀಜ ಬೀಜದ ಜತೆ, ಕವಡೆ ಕವಡೆಯ ಜತೆ ಗುಂಪುಗುಂಪಾಗುತ್ತವೆ. ಒಂದು ಎದ್ದು ಹೋದಾಗ ಬಿಟ್ಟ ಜಾಗದ ನೆರೆಯದಕ್ಕೆ ತನ್ನವರು ಒಬ್ಬರು ಕಡಿಮೆಯಾದರಲ್ಲ, ಈಗ ಅದೂ ಏಳುತ್ತದೆ. ಸರಪಳಿ.

ಆದ್ದರಿಂದ ಗೆರೆಯನ್ನು ಗುಂಪು ಕಟ್ಟುವ ಮೊದಲೇ ಎಳೆಯಬೇಕು. ಕಟ್ಟಿದ ಮೇಲೆ ಎಳೆದರೆ ಇದ್ದವರನ್ನು ಎಬ್ಬಿಸಬೇಕಾಗುತ್ತದೆ. 1989ರಲ್ಲಿ ಒಬ್ಬರನ್ನೂ ಎಬ್ಬಿಸಲಿಲ್ಲ. ಮಿತಿ ದಾಟಿದ್ದ ಬ್ಲಾಕುಗಳಲ್ಲಿ ಇದ್ದವರು ಇದ್ದರು, ಮುಂದಿನ ಮಾರಾಟಕ್ಕೆ ಮಾತ್ರ ನಿಯಮ.

ನೆಲಮಹಡಿ

ಅಂಕಿ ಆಯಿತು, ಮಣೆ ಆಯಿತು. ಬ್ಲಾಕಿನ ಕೆಳಗೆ ಸ್ವಲ್ಪ ಬನ್ನಿ.

ಎಚ್‌ಡಿಬಿ ಬ್ಲಾಕುಗಳಲ್ಲಿ 1970ರ ದಶಕದಿಂದ ನೆಲಮಹಡಿಯಲ್ಲಿ ಮನೆ ಕಟ್ಟದೆ ಕಂಬಗಳ ಬಯಲಾಗಿ ಬಿಟ್ಟಿದ್ದಾರೆ. ವಾಯ್ಡ್ ಡೆಕ್ ಅನ್ನುತ್ತಾರೆ. ಗೋಡೆ ಇಲ್ಲ, ಬಾಗಿಲಿಲ್ಲ. ಕಲ್ಲಿನ ಮೇಜು, ಮೇಜಿನ ಮೇಲೆ ಹೆಂಚಿನ ಚೂರಿನಲ್ಲಿ ಕೂರಿಸಿದ ಚದುರಂಗದ ಮಣೆ. ಒಂದು ಮೂಲೆಯಲ್ಲಿ ಸಾಲು ಟಪಾಲು ಪೆಟ್ಟಿಗೆ, ಲಿಫ್ಟಿಗೆ ಹೋಗುವ ದಾರಿ. ಹತ್ತನೇ ಮಹಡಿಯವನೂ ಎರಡನೇ ಮಹಡಿಯವಳೂ ದಿನಕ್ಕೆ ಎರಡು ಸಲ ಇಲ್ಲಿ ಹಾಯಲೇಬೇಕು.

ಇದೇ ಜಾಗದಲ್ಲಿ ಮಲಯರ ಮದುವೆ. ಕಂಬದಿಂದ ಕಂಬಕ್ಕೆ ಬಟ್ಟೆ ಕಟ್ಟಿ, ವಧೂವರರು ಕೂರುವ ಪೆಲಾಮಿನ್ ಮಂಟಪ ಇಟ್ಟು, ಕೊಂಪಾಂಗ್ ತಮಟೆ ಬಡಿಯುತ್ತಾ ದಿಬ್ಬಣ ಬರುತ್ತದೆ. ಇದೇ ಜಾಗದಲ್ಲಿ ಚೀನೀಯರ ಸಾವಿನ ಜಾಗರಣೆ. ಮೂರು, ಐದು ಅಥವಾ ಏಳು ದಿನ, ಸಾಮಾನ್ಯವಾಗಿ ಬೆಸ ಲೆಕ್ಕ. ಶವಪೆಟ್ಟಿಗೆ ಒಂದು ಬದಿ, ಇನ್ನೊಂದು ಬದಿ ದುಂಡು ಮೇಜು, ಕಡಲೆಕಾಯಿ, ರಾತ್ರಿ ಎಚ್ಚರ ಇರುವವರಿಗೆ ಇಸ್ಪೀಟು. ಬಂದವರ ಕೈಗೆ ಒಂದೊಂದು ಕೆಂಪು ದಾರ ಕೊಡುತ್ತಾರೆ, ಬೆರಳಿಗೆ ಸುತ್ತಿಕೊಂಡು ಹೋಗುವಾಗ ಮನೆ ಸೇರುವ ಮೊದಲು ಬಿಸಾಡಬೇಕು. ಇದು ಗೊತ್ತಿಲ್ಲದ ಹೊಸ ನೆರೆಯವರು ದಾರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಾರೆ. ಪಕ್ಕದಲ್ಲಿ ಕೂತ ಚೀನೀ ಅಜ್ಜಿಯ ಮುಖ ಆಗ ನೋಡಬೇಕು.

ಮದುವೆಗೂ ಸಾವಿಗೂ ಅನುಮತಿ ಕೊಡುವುದು ಟೌನ್ ಕೌನ್ಸಿಲ್. ಮದುವೆ ತಿಂಗಳುಗಟ್ಟಲೆ ಮೊದಲೇ ಕಾದಿರಿಸಿರುತ್ತಾರೆ, ಸಾವು ಹೇಳಿ ಬರುವುದಿಲ್ಲ. ಅದೇ ವಾರ ಎರಡೂ ಬಿದ್ದರೆ ಒಂದನ್ನು ಎದುರಿನ ಬ್ಲಾಕಿಗೆ ಅಥವಾ ಅದೇ ಬ್ಲಾಕಿನ ಇನ್ನೊಂದು ತುದಿಗೆ ಸರಿಸಬೇಕು. ಇಲ್ಲಿ ಎರಡು ಮನೆಯವರು ಮಾತಾಡಲೇಬೇಕು: ತಮಟೆ ಎಷ್ಟು ಹೊತ್ತಿಗೆ, ಸತ್ತವರಿಗೆಂದು ಕಾಗದ ಸುಡುವ ತಗಡಿನ ಪೆಟ್ಟಿಗೆ ಗಾಳಿಯ ಯಾವ ಕಡೆ. ಜನಾಂಗ ಸಾಮರಸ್ಯ ಅಂದರೆ ನನ್ನ ಕಣ್ಣಿಗೆ ಬರುವುದು ಈ ಮಾತುಕತೆ. ಶಾಲೆಗಳಲ್ಲಿ 1997ರಿಂದ ಜುಲೈ 21ರಂದು ಆಚರಿಸುವ ಸಾಮರಸ್ಯ ದಿನ ಅಲ್ಲ. ಅಲ್ಲಿ ಮಕ್ಕಳು ಒಬ್ಬರ ಉಡುಪು ಇನ್ನೊಬ್ಬರು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ, ಸಂಜೆಗೆ ಇಸ್ತ್ರಿ ಮಾಡಿ ವಾಪಸ್.

ತಾಪತ್ರಯ ಏನೆಂದರೆ ಹೊಸ ಬ್ಲಾಕುಗಳಲ್ಲಿ ಈ ಬಯಲು ಕಿರಿದಾಗುತ್ತಿದೆ. ಅಂಗನವಾಡಿ, ವೃದ್ಧರ ಕೇಂದ್ರ ಅಂತ ಗೋಡೆ ಎದ್ದಿದೆ, ಸಮಾರಂಭಕ್ಕೆ ಬೇರೆಯೇ ಮಂಟಪ ಕಟ್ಟುತ್ತಾರೆ. ಹಳೆಯ ಬ್ಲಾಕಿನ ಉದ್ದನೆಯ ಓಣಿಯೂ ಹೋಗಿ ಈಗ ಲಿಫ್ಟಿನ ಸುತ್ತ ನಾಲ್ಕಾರು ಬಾಗಿಲು. ಓಣಿಯಲ್ಲಿ ಹೋಗುವವನು ಐದಾರು ಮನೆಯ ಕಿಟಕಿ ಹಾದು ಹೋಗುತ್ತಿದ್ದ. ಶೇಕಡಾವಾರು ಹಾಗೇ ಇದೆ, ಮುಖಾಮುಖಿ ಕಮ್ಮಿಯಾಗಿದೆ.

ಒಗ್ಗರಣೆ

ಕಿಟಕಿ ಹಾದು ಹೋಗುವುದು ಮುಖ ಅಷ್ಟೇ ಅಲ್ಲ ಮಾರಾಯ್ರೆ, ವಾಸನೆಯೂ. 2011ರ ಕರಿ ಗಲಾಟೆ ಇಲ್ಲಿ ಯಾರೂ ಎತ್ತಲೇ ಇಲ್ಲ!

ಚೀನಾದಿಂದ ಹೊಸದಾಗಿ ಬಂದ ಕುಟುಂಬಕ್ಕೆ ಪಕ್ಕದ ಭಾರತೀಯ ಮೂಲದ ಮನೆಯ ಕರಿಯ ಘಾಟು ತಡೆಯಲಾಗಲಿಲ್ಲ. ಇವರು ಮೊದಲೇ ಬಾಗಿಲು ಕಿಟಕಿ ಮುಚ್ಚಿ ಅಡುಗೆ ಮಾಡುತ್ತಿದ್ದರು. ಸಾಲದು, ಅಂದರು ಅವರು. ಸಮುದಾಯ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಯಿತು. ಒಪ್ಪಂದ ಏನಾಯಿತು ಅಂದರೆ, ಆ ಮನೆಯವರು ಇಲ್ಲದ ಹೊತ್ತಿನಲ್ಲಿ ಮಾತ್ರ ಇವರು ಕರಿ ಮಾಡುವುದು, ಬದಲಿಗೆ ಅವರು ಒಂದು ಸಲ ಕರಿಯ ರುಚಿ ನೋಡುವುದು. ಪತ್ರಿಕೆಯಲ್ಲಿ ಇದು ಬಂದದ್ದೇ ತಡ ಊರಿಗೆ ಊರೇ ಕೆರಳಿತು. ಆಗಸ್ಟ್ 21ರ ಭಾನುವಾರ "ಒಂದು ಪಾತ್ರೆ ಕರಿ ಮಾಡಿ" ಅಂತ ಫೇಸ್‌ಬುಕ್ಕಿನಲ್ಲಿ ಕರೆ ಹೋಯಿತು, 57 ಸಾವಿರಕ್ಕೂ ಹೆಚ್ಚು ಜನ ಹ್ಞೂಂ ಅಂದರು. ಚೀನೀಯರ ಮನೆ, ಮಲಯರ ಮನೆ, ಯುರೇಷಿಯನ್ನರ ಮನೆ, ಎಲ್ಲಾ ಕಡೆ ಅವರವರ ಕರಿ. ಅಲ್ಲಿ ಕರಿ ಅಂದರೆ ಯಾರೊಬ್ಬರ ಸೊತ್ತಲ್ಲ. ಮೀನಿನ ತಲೆಯ ಕರಿ ಹುಟ್ಟಿದ್ದೇ ಕೇರಳದವನ ಮಸಾಲೆಗೆ ಚೀನೀಯರ ಮೀನಿನ ತಲೆಯ ಚಪಲ ಸೇರಿ ಅನ್ನುತ್ತಾರೆ.

ಇಂಗಿನ ಒಗ್ಗರಣೆಯನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೇ ಸಹಿಸದವರಿದ್ದಾರೆ, ಆ ಲೆಕ್ಕದಲ್ಲಿ ಇದು ದೊಡ್ಡ ಮಾತು. ಒಟ್ಟಿಗೆ ಉಣ್ಣುವವರು ಒಟ್ಟಿಗೆ ಬಾಳುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಅಡ್ಡಗೋಡೆ

ಬೇಕು. ಏಕೆಂದರೆ ನೀವು ಹೇಳಿದ್ದರಲ್ಲಿ ಎರಡು ವಿಷಯ ಬಿಟ್ಟುಹೋಗಿವೆ.

ಒಂದು, ಆ ಮಧ್ಯಸ್ಥಿಕೆ ನಡೆದದ್ದು ಸುದ್ದಿ ಬರುವುದಕ್ಕಿಂತ ವರ್ಷಗಳ ಹಿಂದೆ. ಜನ ನಿನ್ನೆಯ ಘಟನೆ ಎಂದುಕೊಂಡರು. ಮೇಲಾಗಿ ಮಧ್ಯಸ್ಥಿಕೆಯಲ್ಲಿ ತೀರ್ಪು ಎಂಬುದೇ ಇಲ್ಲ. ಮಧ್ಯಸ್ಥಗಾರನಿಗೆ ಹೇರುವ ಅಧಿಕಾರವಿಲ್ಲ, ಷರತ್ತು ಹಾಕಿಕೊಂಡದ್ದು ಆ ಎರಡು ಮನೆಯವರೇ. ತೃಪ್ತರಾಗಿ ಮನೆಗೆ ಹೋದವರ ಪರವಾಗಿ ಊರು ಸಿಟ್ಟಾಯಿತು.

ಎರಡು, ಇದೇ ಮುಖ್ಯ: ಆ ಭಾನುವಾರ ಗೆರೆ ಅಳಿಯಲಿಲ್ಲ, ಜಾಗ ಬದಲಿಸಿತು. ಸಿಂಗಪುರದ ಚೀನೀಯರು ಸಿಂಗಪುರದ ಭಾರತೀಯರ ಜತೆ ನಿಂತದ್ದು ಯಾರ ಎದುರು? ಚೀನಾದಿಂದ ಬಂದ ಚೀನೀಯರ ಎದುರು. ಜನಾಂಗದ ಗೆರೆ ಹೋಗಿ ಹಳಬ-ಹೊಸಬ ಎಂಬ ಗೆರೆ ಬಂತು. ಕನ್ನಡಿಗರು ಖುಷಿಪಡುವ ಮುನ್ನ ತಾವು ಆ ಗೆರೆಯ ಯಾವ ಕಡೆ ಇದ್ದೇವೆ ನೋಡಿಕೊಳ್ಳಬೇಕು. ಅಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಮಂದಿ ಐಟಿ, ಬ್ಯಾಂಕು ಎಂದು ಈಚೆಗೆ ಹೋದವರು. 2005ರ ಭಾರತ-ಸಿಂಗಪುರ ಆರ್ಥಿಕ ಒಪ್ಪಂದದ ಹೆಸರಿನ ಮೊದಲಕ್ಷರ ಸೇರಿಸಿ 'ಸೀಕಾ' ಎಂಬ ಬೈಗುಳವೇ ಹುಟ್ಟಿದೆ, ಅದು ಬೀಳುವುದು ಇವರ ಮೇಲೆ. ಬಸ್ಸಿನಲ್ಲಿ ಬೈಯುವವನು ನೂರೈವತ್ತು ವರ್ಷದಿಂದ ಅಲ್ಲೇ ನೆಲೆಸಿದ ತಮಿಳರ ಮನೆಯ ಹುಡುಗನನ್ನೂ ಸೇರಿಸಿ ಬೈಯುತ್ತಾನೆ, ಅದಕ್ಕೆ ಆ ಹುಡುಗನಿಗೆ ಹೊಸಬರ ಮೇಲೆ ಇನ್ನಷ್ಟು ಕೋಪ. ಕೋಟಾದ ಪಟ್ಟಿಯಲ್ಲಿ ಇವರೆಲ್ಲ ಒಂದೇ ಡಬ್ಬಿ. ಆ ಡಬ್ಬಿಯಲ್ಲಿ ಫಿಲಿಪಿನೋ, ಯುರೇಷಿಯನ್ ಕೂಡ ಇದ್ದಾರೆ.

ಶರಾವತಿ

ಇಲ್ಲಿ ನೀವು ಗೆದ್ದಿರಿ. ಕರಿ ಭಾನುವಾರದ ಬಗ್ಗೆ ನನ್ನದೂ ಇದೇ ಅನುಮಾನ.

ಆದರೆ "ಬೆರೆತರೆ ಸಾಕು" ಎಂದು ಬಲ್ಲವರು ಯಾರೂ ಹೇಳಿಯೇ ಇಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ನಾಲ್ಕು ಷರತ್ತು ಇಟ್ಟರು: ಆ ಸಂದರ್ಭದಲ್ಲಿ ಇಬ್ಬರ ಸ್ಥಾನವೂ ಸಮ ಇರಬೇಕು, ಗುರಿ ಒಂದೇ ಇರಬೇಕು, ಆ ಗುರಿಗೆ ಒಬ್ಬರಿಗೊಬ್ಬರು ಹೆಗಲು ಕೊಡಬೇಕಾಗಿ ಬರಬೇಕು, ಮೇಲಿನವರ ಒಪ್ಪಿಗೆ ಇರಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನ ಒಟ್ಟು ಹಾಕಿ ನೋಡಿದರು. ಸಂಪರ್ಕ ಹೆಚ್ಚಿದಷ್ಟು ಪೂರ್ವಗ್ರಹ ಕಡಿಮೆಯಾಗುವುದು ನಿಜ, ಷರತ್ತು ಪೂರ್ತಿ ಇರದಿದ್ದರೂ ಸ್ವಲ್ಪ ಇಳಿಯುತ್ತದೆ, ಇದ್ದರೆ ಹೆಚ್ಚು. ಆದರೆ ಪರಿಣಾಮದ ಗಾತ್ರ ಸಾಧಾರಣ, ಪವಾಡವೇನಲ್ಲ.

ವಸತಿಗೇ ಸಂಬಂಧಿಸಿದ ಹಳೆಯ ಹೋಲಿಕೆಯೊಂದಿದೆ. ಅಮೆರಿಕದಲ್ಲಿ 1951ರಲ್ಲಿ ಡಾಯ್ಚ್ ಮತ್ತು ಕಾಲಿನ್ಸ್ ಪ್ರಕಟಿಸಿದ್ದು. ನ್ಯೂಯಾರ್ಕ್‌ನ ಸರ್ಕಾರಿ ವಸತಿಯಲ್ಲಿ ಕರಿಯರಿಗೂ ಬಿಳಿಯರಿಗೂ ಬಣ್ಣ ನೋಡದೆ ಮನೆ ಹಂಚಿದ್ದರು. ನ್ಯೂಆರ್ಕ್‌ನಲ್ಲಿ ಅದೇ ಆವರಣದೊಳಗೆ ಕರಿಯರ ಕಟ್ಟಡ ಬೇರೆ, ಬಿಳಿಯರ ಕಟ್ಟಡ ಬೇರೆ. ಮೊದಲನೆಯದರಲ್ಲಿ ಬಿಳಿ ಗೃಹಿಣಿಯರಿಗೆ ಕರಿಯ ನೆರೆಯವರ ಜತೆ ಒಡನಾಟ ಎಷ್ಟೋ ಹೆಚ್ಚು, ಅಭಿಪ್ರಾಯವೂ ಬದಲಾಗಿತ್ತು. ಎರಡನೆಯದರಲ್ಲಿ ಗೇಟು ಒಂದೇ ಆದರೂ ಹೆಚ್ಚೇನೂ ಇಲ್ಲ. ಕಾರಣ ಸರಳ, ಲಿಫ್ಟು, ಮೆಟ್ಟಿಲು, ಬಟ್ಟೆ ಒಗೆಯುವ ಜಾಗ ಒಂದೇ ಆಗಿರಲಿಲ್ಲ. ಸಿಂಗಪುರದವರು ಬಡಾವಣೆಗೆ ಮಾತ್ರವಲ್ಲ, ಬ್ಲಾಕಿಗೂ ಬೇರೆ ಮಿತಿ ಇಟ್ಟದ್ದು ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಉಲ್ಟಾ ಹೊಡೆಯುವ ಬಗೆಯೂ ಗೊತ್ತು. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕ ಬೇರೆಬೇರೆ ಜಾತಿಯ ಯುವಕರ ಕ್ರಿಕೆಟ್ ಲೀಗ್ ಆಡಿಸಿದ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಹೆಚ್ಚಿತು. ಎದುರು ತಂಡದಲ್ಲಿ ಬೇರೆ ಜಾತಿಯವರು ಸಿಕ್ಕವರಲ್ಲಿ ಕಡಿಮೆಯಾಯಿತು. ಮುಖ ನೋಡುವುದು ಎರಡರಲ್ಲೂ ಇತ್ತು.

ಹಾಗೆ ನೋಡಿದರೆ ಒಂಬತ್ತನೇ ಮಹಡಿಯ ಆ ಎರಡು ಮನೆ, ಮಾರುವಾಗ ಎರಡು ಬೆಲೆ, ಮೊದಲ ಷರತ್ತಿಗೇ ಕೊಡಲಿ ಏಟು. ಸಮಸ್ಥಾನ ಅಲ್ಲಿ ಮುರಿಯುತ್ತದೆ.

ಹೊಸ ಗಿರಾಕಿ

ತತ್ತ್ವದ ನಡುವೆ ಒಂದು ಲೌಕಿಕ ಪ್ರಶ್ನೆ. ಕಾಯಂ ನಿವಾಸಿ ಪರವಾನಗಿ ಸಿಕ್ಕ ಕನ್ನಡ ದಂಪತಿ ಹಳೆಯ ಎಚ್‌ಡಿಬಿ ಮನೆ ಕೊಳ್ಳಬೇಕೆಂದರೆ ಈ ಮಿತಿ ಎಲ್ಲಿ ಕಾಲಿಗೆ ತೊಡರುತ್ತದೆ?

ಲೆಕ್ಕಿಗ

ಎರಡು ಕಡೆ, ಮತ್ತು ಎರಡೂ ಒಟ್ಟಿಗೆ.

ಇಬ್ಬರೂ ಕಾಯಂ ನಿವಾಸಿಗಳಾದರೆ ಮೊದಲು ಮೂರು ವರ್ಷ ಕಾಯಬೇಕು. ಆಮೇಲೆ ಜನಾಂಗದ ಮಿತಿಯ ಜತೆ ಕಾಯಂ ನಿವಾಸಿಗಳ ಮಿತಿ ಎಂಬ ಇನ್ನೊಂದಿದೆ: ಬಡಾವಣೆಯಲ್ಲಿ ಶೇ 5, ಬ್ಲಾಕಿನಲ್ಲಿ ಶೇ 8. 2010ರಲ್ಲಿ ಬಂದದ್ದು, ಮಲೇಷ್ಯಾದವರಿಗೆ ಅನ್ವಯಿಸುವುದಿಲ್ಲ. ಮನೆಯ ಮಾಲೀಕರಲ್ಲಿ ಒಬ್ಬರಾದರೂ ಪೌರರಾದರೆ ಇದು ತೊಡರುವುದಿಲ್ಲ, ಜನಾಂಗದ್ದು ಮಾತ್ರ ಉಳಿಯುತ್ತದೆ.

ಮಂಡಳಿಯ ಜಾಲತಾಣದಲ್ಲಿ ಬ್ಲಾಕು ಸಂಖ್ಯೆ ಮತ್ತು ರಸ್ತೆ ಕೊಟ್ಟರೆ ಇಂಥ ಜನಾಂಗದವರು ಇಂಥವರಿಂದ ಕೊಳ್ಳಬಹುದೇ ಎಂದು ತೋರಿಸುತ್ತದೆ. ಪಟ್ಟಿ ಪ್ರತಿ ತಿಂಗಳ 1ನೇ ತಾರೀಕು ಬದಲಾಗುತ್ತದೆ. ಎಡವುವುದು ಇಲ್ಲಿ. ಇಪ್ಪತ್ತೆಂಟನೇ ತಾರೀಕು ನೋಡಿ, ಜಾಗ ಇದೆ ಎಂದು ಮಾರುವವನಿಂದ ಖರೀದಿ ಹಕ್ಕಿನ ಪತ್ರ ಬರೆಸಿಕೊಳ್ಳುತ್ತಾರೆ. ಅದಕ್ಕೆ ಮುಂಗಡ ಗರಿಷ್ಠ 1,000 ಸಿಂಗಪುರ ಡಾಲರ್, ಹಕ್ಕು ಚಲಾಯಿಸಲು 21 ದಿನ, ಚಲಾಯಿಸುವಾಗ ಕೊಡುವುದೂ ಸೇರಿ ಒಟ್ಟು 5,000 ದಾಟುವಂತಿಲ್ಲ. ಈ ನಡುವೆ ತಿಂಗಳು ತಿರುಗಿ ಗೆರೆ ಮುಚ್ಚಿದರೆ ಅರ್ಜಿ ನಿಲ್ಲುತ್ತದೆ, ಮುಂಗಡದ ಜಗಳ ಶುರು. ಆದ್ದರಿಂದ ಪತ್ರ ಬರೆಸುವ ಮೊದಲೊಮ್ಮೆ, ಹಕ್ಕು ಚಲಾಯಿಸುವ ಮೊದಲೊಮ್ಮೆ, ಅರ್ಜಿ ಹಾಕುವ ದಿನ ಮತ್ತೊಮ್ಮೆ ನೋಡಲೇಬೇಕು.

ಗೆರೆ ಮುಚ್ಚಿದ್ದರೂ ದಾರಿ ಒಂದಿದೆ. ಭಾರತೀಯ ಮಾರುವವನಿಂದ ಭಾರತೀಯ ಕೊಂಡರೆ ಶೇಕಡಾವಾರು ಬದಲಾಗುವುದಿಲ್ಲ, ಅದು ಸಲ್ಲುತ್ತದೆ. ಕಾಯಂ ನಿವಾಸಿಗಳ ಮಿತಿ ಮುಚ್ಚಿದ್ದರೆ ಮಾತ್ರ ಮಾರುವವನೂ ಮಲೇಷ್ಯಾದವನಲ್ಲದ ಕಾಯಂ ನಿವಾಸಿಯೇ ಆಗಿರಬೇಕು.

ಮಿಶ್ರ ದಂಪತಿಗಳು ಗಂಡನ ಅಥವಾ ಹೆಂಡತಿಯ ಜನಾಂಗ ಆರಿಸಿಕೊಳ್ಳಬಹುದು. 2011ರಿಂದ ಮಕ್ಕಳಿಗೆ ಜೋಡಿ ಹೆಸರಿನ ಜನಾಂಗ ಬರೆಸಬಹುದು, ಮನೆ ಲೆಕ್ಕಕ್ಕೆ ಹಿಡಿಯುವುದು ಜೋಡಿಯ ಮೊದಲ ಪದ. ಕೊಳ್ಳುವಾಗ ಯಾವುದು ಸುಲಭ ಎಂದು ಆರಿಸಿಕೊಳ್ಳುವವರು ಮಾರುವಾಗಲೂ ಅದೇ ಲೆಕ್ಕ ಎಂಬುದನ್ನು ಮರೆಯುತ್ತಾರೆ.

ಅಡ್ಡಗೋಡೆ

ಬಾಡಿಗೆಗೆ ಇರುವವರನ್ನು ಮರೆತಿರಿ, ಕನ್ನಡಿಗರಲ್ಲಿ ಅಂಥವರೂ ಇದ್ದಾರೆ. ಪೂರ್ತಿ ಫ್ಲ್ಯಾಟು ಬಾಡಿಗೆಗೆ ಕೊಡುವಾಗ ವಿದೇಶಿಯರ ಮಿತಿ ಬಡಾವಣೆಗೆ ಶೇ 8, ಬ್ಲಾಕಿಗೆ ಶೇ 11. ಅದು 2014ರಿಂದ. ಆ ಮಿತಿಗಿಂತ ಮೊದಲು ಅಡ್ಡ ಬರುವುದು ಮಾಲೀಕನ ಬಾಯಿ. "ಭಾರತೀಯರಿಗಿಲ್ಲ, ಚೀನಾದವರಿಗಿಲ್ಲ" ಎಂದು ಜಾಹೀರಾತಿನಲ್ಲೇ ಹಾಕುತ್ತಿದ್ದರು. ದಲ್ಲಾಳಿಗಳ ನಿಯಂತ್ರಣ ಮಂಡಳಿ ಹಾಗೆ ಬರೆಯಬಾರದು ಎಂದ ಮೇಲೆ "ಲಘು ಅಡುಗೆ ಮಾತ್ರ" ಎಂದಾಯಿತು. ಓದುವವರಿಗೆ ಅರ್ಥವಾಗುತ್ತದೆ. ಬೆಂಗಳೂರಿನ "ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ"ದ ಅಣ್ಣ ಇದು.

ಶಾಲೆ ನೋಡಿ. 1979ರಿಂದ ವಿಶೇಷ ನೆರವಿನ ಶಾಲೆಗಳು ಎಂಬ ಬಗೆ ಇದೆ, ಚೀನೀ ಭಾಷೆ-ಸಂಸ್ಕೃತಿಯನ್ನು ಉಳಿಸಲು. ಅಲ್ಲಿ ಮಾತೃಭಾಷೆ ವಿಷಯವಾಗಿ ಚೀನೀ ಮಾತ್ರ, ಹಾಗಾಗಿ ಮಕ್ಕಳೂ ಹೆಚ್ಚುಕಡಿಮೆ ಚೀನೀಯರೇ. ಹೆಸರುವಾಸಿ ಶಾಲೆಗಳು ಬೇರೆ. ಬ್ಲಾಕಿನಲ್ಲಿ 87ರ ಗೆರೆ, ತರಗತಿಯಲ್ಲಿ ಇಲ್ಲ. ಕಾಂಡೋ ಎನ್ನುವ ಖಾಸಗಿ ಅಪಾರ್ಟ್‌ಮೆಂಟುಗಳಿಗೂ ಇಲ್ಲ. ದುಡ್ಡಿದ್ದವನು ತನಗೆ ಬೇಕಾದ ನೆರೆಯವರನ್ನು ಆರಿಸಿಕೊಳ್ಳಬಹುದು.

ಕನ್ನಡದ ಮಕ್ಕಳ ಪಾಡು ಇನ್ನೊಂದು. ಭಾರತೀಯ ಡಬ್ಬಿಯ ಅಧಿಕೃತ ಭಾಷೆ ತಮಿಳು. ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಪಟ್ಟಿಯಲ್ಲೇ ಇಲ್ಲ. ಮಾತೃಭಾಷೆ ಎಂಬ ವಿಷಯಕ್ಕೆ ಮಗು ಮಾತೃಭಾಷೆಯಲ್ಲದ್ದನ್ನು ಕಲಿಯುತ್ತದೆ.

ನೆಲಮಹಡಿ

ಊಟದ ಬಗ್ಗೆ ಒಗ್ಗರಣೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಒಟ್ಟಿಗೆ ಉಣ್ಣುವುದು ಅಷ್ಟು ಸಲೀಸಲ್ಲ, ಅದಕ್ಕೇ ಅಲ್ಲಿ ಅದರ ಸುತ್ತ ಒಂದು ಶಿಸ್ತು ಬೆಳೆದಿದೆ.

ಒಂದೇ ಸೂರಿನಡಿ ಹಲವು ಊಟದ ಅಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಮೇಜು ಎಲ್ಲರಿಗೂ ಒಂದೇ, ಆದರೆ ಹಲಾಲ್ ಅಂಗಡಿಯ ತಟ್ಟೆ, ಟ್ರೇ ಬೇರೆ. ಉಂಡ ಮೇಲೆ ಇಡುವ ಕಟ್ಟೆಯೂ ಬೇರೆ, ಫಲಕ ಹಾಕಿರುತ್ತಾರೆ. ಎರಡನ್ನು ಬೆರೆಸಿದರೆ ಮಲಯ ಅಂಗಡಿಯವನು ಆ ತಟ್ಟೆಯನ್ನು ಹಾಗೇ ಮತ್ತೆ ಬಳಸುವಂತಿಲ್ಲ. ಒಂದೇ ಮೇಜಿನಲ್ಲಿ ಮೂರು ಬಗೆಯ ಊಟ ನಡೆಯುವುದು ಈ ಬೇರ್ಪಡಿಕೆ ಗಟ್ಟಿಯಾಗಿರುವುದರಿಂದಲೇ.

ಮನೆಗೆ ಕರೆಯುವಾಗ ಕನ್ನಡದವರು "ನಾವು ಶುದ್ಧ ಸಸ್ಯಾಹಾರಿ, ಇನ್ನೇನು ಚಿಂತೆ" ಅಂದುಕೊಳ್ಳುತ್ತಾರೆ. ಮಲಯ ನೆರೆಯವರಿಗೆ ಪಾತ್ರೆಯ ಪ್ರಶ್ನೆ, ಮದ್ಯ ಸೇರಿದ ಎಸೆನ್ಸಿನ ಪ್ರಶ್ನೆ ಉಳಿದಿರುತ್ತದೆ. ಬಾಯಿಬಿಟ್ಟು ಕೇಳುವುದಿಲ್ಲ, ಹೊಟ್ಟೆ ತುಂಬಿದೆ ಎನ್ನುತ್ತಾರೆ. ದೀಪಾವಳಿಗೆ ಹಲಾಲ್ ಮುದ್ರೆಯ ಕಟ್ಟಿದ ಪೊಟ್ಟಣ, ಇಲ್ಲವೇ ಹಣ್ಣು ಕೊಟ್ಟರೆ ಇಬ್ಬರಿಗೂ ಮುಜುಗರವಿಲ್ಲ. ಚೀನೀ ಹೊಸವರ್ಷಕ್ಕೆ ಕಿತ್ತಳೆ ಕೊಡುವುದಾದರೆ ಎರಡು, ಎರಡೂ ಕೈಯಲ್ಲಿ. ನಾಲ್ಕು ಬೇಡ, ಆ ಅಂಕಿಯ ಉಚ್ಚಾರ ಅವರಿಗೆ ಸಾವಿನ ಹಾಗೆ ಕೇಳುತ್ತದೆ. ಅವರೂ ತಿರುಗಿ ಎರಡು ಕೊಡುತ್ತಾರೆ. ಲಾಭ ನಷ್ಟ ಸೊನ್ನೆ, ಆದರೆ ಬಾಗಿಲು ತೆರೆಯಿತು.

ಮಾಗಡಿ ರಸ್ತೆ

ಸಿಂಗಪುರದ ಗೆರೆ ಬಿಡಿ, ಸೌಹಾರ್ದ ಸಮಿತಿಯ ಮಾತು ನಮಗೆ ಹತ್ತಿರದ್ದು. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಎಸ್‌ಎಂಎಸ್ಸಿಗೆ ದಿನಕ್ಕೆ ಐದರ ಮಿತಿ ಹಾಕಿತು. ಸುದ್ದಿ ನಿಲ್ಲಿಸಲು ಮಿತಿ ಹಾಕಿದೆವು, ಸುಳ್ಳು ಎಂದು ಅವರ ಬಾಗಿಲಿಗೆ ಹೋಗಿ ಹೇಳಬಲ್ಲ ಪಕ್ಕದ ಮನೆಯವರು ಸಾಕಷ್ಟು ಇರಲಿಲ್ಲ. ಪಿಜಿ, ಬಾಡಿಗೆ ಕೋಣೆ, ಎಲ್ಲಾ ಅವರವರ ಗುಂಪು.

ಶರಾವತಿ

ಸಿಂಗಪುರದವರೂ ಅದನ್ನೇ 2002ರಲ್ಲಿ ಮತ್ತೆ ಕಟ್ಟಿಕೊಂಡರು. ಹಿಂದಿನ ಡಿಸೆಂಬರ್‌ನಲ್ಲಿ ಭಯೋತ್ಪಾದಕ ಜಾಲವೊಂದರ ಬಂಧನವಾದಾಗ ಮಲಯ ಮುಸ್ಲಿಮರ ಮೇಲೆ ಕಣ್ಣು ಬೀಳಬಾರದೆಂದು ಪ್ರತಿ ಕ್ಷೇತ್ರಕ್ಕೂ ಅಂತರ್‌ಜನಾಂಗ ವಿಶ್ವಾಸ ವೃತ್ತ ಎಂದು ಮಾಡಿದರು. ಮಸೀದಿ, ದೇವಸ್ಥಾನ, ಚರ್ಚಿನವರ ಫೋನ್ ನಂಬರು ಒಬ್ಬರಲ್ಲೊಬ್ಬರಿಗೆ ಮೊದಲೇ ಇರಲಿ ಎಂಬಷ್ಟೇ. ಗಲಾಟೆಯ ದಿನ ನಂಬರು ಹುಡುಕುವುದಲ್ಲ.

ಲೆಕ್ಕಿಗ

ಅಡ್ಡಗೋಡೆಯವರ ಬಿಲ್ಲಿನ ಪ್ರಶ್ನೆಗೆ ಉತ್ತರ ಬಾಕಿ ಇದೆ. 2022ರ ಮಾರ್ಚ್‌ನಲ್ಲಿ ಸರ್ಕಾರವೇ ಒಪ್ಪಿಕೊಂಡು ಮರುಖರೀದಿ ತಂದಿತು. ಹತ್ತು ವರ್ಷ ಮನೆ ಇಟ್ಟುಕೊಂಡು, ಆರು ತಿಂಗಳು ನಿಜವಾಗಿ ಮಾರಲು ಯತ್ನಿಸಿ, ಮಿತಿಯಿಂದಾಗಿ ಆಗದಿದ್ದ ಮಾಲೀಕರಿಂದ ಮಂಡಳಿ ತಾನೇ ಕೊಳ್ಳುತ್ತದೆ.

ಅಡ್ಡಗೋಡೆ

ಹತ್ತು ವರ್ಷ ಆಗದವನು? ಮಾರಲು ಆಯಿತು, ಆದರೆ ಕಡಿಮೆಗೆ ಆಯಿತು ಅನ್ನುವವನು? ಅವನಿಗೆ ಏನೂ ಇಲ್ಲ. ಪಕ್ಕದ ಚೀನೀ ಮಾಲೀಕನಿಗೆ ಸಿಕ್ಕ ಬೆಲೆಗೂ ಇವನಿಗೆ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಬೊಕ್ಕಸದಿಂದ ಕೊಡಿ. ಸೌಹಾರ್ದ ಎಲ್ಲರದಾದರೆ ಖರ್ಚೂ ಎಲ್ಲರದಾಗಲಿ.

ಲೆಕ್ಕಿಗ

ಕೊಡಬೇಕು ಎಂಬುದನ್ನು ಒಪ್ಪುತ್ತೇನೆ. ಅಳೆಯುವುದು ಹೇಗೆ? ಒಂದು ಮನೆಗೆ ಹೊಸ ಅಡುಗೆಕಟ್ಟೆ, ಇನ್ನೊಂದಕ್ಕೆ ಪಡುವಣ ಬಿಸಿಲು. ಕಡಿಮೆಯಾದದ್ದರಲ್ಲಿ ಮಿತಿಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು? ವ್ಯತ್ಯಾಸ ಬೊಕ್ಕಸ ತುಂಬುತ್ತದೆ ಎಂದು ಗೊತ್ತಾದ ದಿನ ಕೊಳ್ಳುವವನು ಇನ್ನೂ ಕೆಳಗೆ ಕೇಳುತ್ತಾನೆ, ಮಾರುವವನೂ ಜಗ್ಗಾಡುವುದಿಲ್ಲ.

ಅಡ್ಡಗೋಡೆ

ಅಳೆಯಲಾಗದು ಎಂದರೆ ಗೆರೆಯನ್ನಾದರೂ ಸಡಿಲಿಸಿ. ಬ್ಲಾಕಿನಲ್ಲಿ ಹತ್ತು ವರ್ಷ ಬಾಳಿದ ಅಲ್ಪಸಂಖ್ಯಾತ ಮಾಲೀಕ ಒಂದು ಸಲಕ್ಕೆ ಯಾರಿಗಾದರೂ ಮಾರಲಿ. ನೂರರಲ್ಲಿ 88 ಆಯಿತು ಎಂದುಕೊಳ್ಳಿ, ಬ್ಲಾಕು ಬಿದ್ದುಹೋಗುವುದಿಲ್ಲ.

ಲೆಕ್ಕಿಗ

88 ಆದ ಬ್ಲಾಕಿನಲ್ಲಿ ಉಳಿದ ಹನ್ನೆರಡು ಮನೆಯವರೂ ಅದೇ ಅರ್ಜಿ ಹಿಡಿದು ಬರುತ್ತಾರೆ. ಮಣೆಯ ಮೇಲಿನ ಕವಡೆ ನೆನಪಿರಲಿ.

ಅಡ್ಡಗೋಡೆ

ಕವಡೆಗೆ ಮನೆ ಸಾಲ ಇರುವುದಿಲ್ಲ ಸ್ವಾಮಿ.